ಉಳಿದ ರೇಸು, ಉಳಿದ ಪಾಯಿಂಟು

1988ರ ಫಾರ್ಮುಲಾ ಒನ್ ಋತುವಿನಲ್ಲಿ ಅಲೇನ್ ಪ್ರಾಸ್ಟ್ ಗಳಿಸಿದ ಪಾಯಿಂಟ್ 105. ಅವನದೇ ಮೆಕ್‌ಲಾರೆನ್ ತಂಡದ ಐರ್ಟನ್ ಸೆನ್ನಾ ಗಳಿಸಿದ್ದು 94. ವಿಶ್ವ ಚಾಂಪಿಯನ್ ಆದವನು ಸೆನ್ನಾ.

ಹಾಸನದ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದ ನನ್ನ ಚಿಕ್ಕಪ್ಪ ಇದನ್ನು ಹೇಳಿದಾಗ, ಪತ್ರಿಕೆಯವರು ಹೆಸರು ಅದಲು ಬದಲು ಮಾಡಿರಬೇಕು ಎಂದು ಅವರ ಜೊತೆಯವರು ಅಂದರಂತೆ. ದಿನವಿಡೀ ಜಮಾ ಖರ್ಚು ತಾಳೆ ನೋಡುವವರಿಗೆ ಹೆಚ್ಚು ಗಳಿಸಿದವನೇ ಸೋಲುವುದೆಂದರೆ ನಂಬುವ ಮಾತಾಗಿರಲಿಲ್ಲ. ಅಂದು ಸಂಜೆ ಹಳೆಯ ವೋಚರಿನ ಹಿಂಬದಿಯಲ್ಲಿ ಚಿಕ್ಕಪ್ಪ ಆ ಲೆಕ್ಕವನ್ನು ನನಗೆ ಬಿಡಿಸಿ ತೋರಿಸಿದರು. ಹೈಸ್ಕೂಲಿನಲ್ಲಿದ್ದ ನನಗೆ ಆಗ ಹತ್ತಿದ ಗೀಳು ಇಂದಿಗೂ ಬಿಟ್ಟಿಲ್ಲ.

ಗೆದ್ದವನಿಗೆ 9, ಎರಡನೆಯವನಿಗೆ 6, ಆಮೇಲೆ 4, 3, 2, 1. ಏಳನೆಯವನಿಂದ ಆಚೆಗೆ ಏನೂ ಇಲ್ಲ. ವರ್ಷಕ್ಕೆ 16 ರೇಸ್ ನಡೆದರೂ ಒಬ್ಬ ಚಾಲಕನ ಅತ್ಯುತ್ತಮ 11 ಫಲಿತಾಂಶಗಳಷ್ಟೇ ಲೆಕ್ಕಕ್ಕೆ. ಪ್ರಾಸ್ಟ್ ಆ ವರ್ಷ 7 ರೇಸ್ ಗೆದ್ದ, 7ರಲ್ಲಿ ಎರಡನೆಯವನಾದ, ಉಳಿದೆರಡನ್ನು ಮುಗಿಸಲೇ ಇಲ್ಲ. ಸೆನ್ನಾ 8 ಗೆದ್ದ, 3ರಲ್ಲಿ ಎರಡನೆಯವ, ಒಂದರಲ್ಲಿ ನಾಲ್ಕನೆಯವ, ಒಂದರಲ್ಲಿ ಆರನೆಯವ. ಹನ್ನೊಂದನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ತೆಗೆದುಹಾಕಿದರೆ ಪ್ರಾಸ್ಟನ ಮೂರು ಎರಡನೇ ಸ್ಥಾನಗಳು, ಅಂದರೆ 18 ಪಾಯಿಂಟ್, ಹೋಗುತ್ತವೆ. ಸೆನ್ನಾ ಕಳೆದುಕೊಳ್ಳುವುದು ಬರೀ 4. ಅಲ್ಲಿಗೆ ಪ್ರಾಸ್ಟ್ 87, ಸೆನ್ನಾ 90.

“ಕೂಡೋದು ಯಾರಿಗಾದ್ರೂ ಬರುತ್ತೆ ಕಣೋ. ಏನು ಬಿಡಬೇಕು ಅನ್ನೋದನ್ನ ಮೊದಲು ನೋಡು,” ಅಂದರು ಚಿಕ್ಕಪ್ಪ.

ಅವರು ಆ ಸಂಜೆ ತೋರಿಸಿದ ಇನ್ನೊಂದು ಲೆಕ್ಕ ಇದಕ್ಕಿಂತ ಸೊಗಸಾಗಿತ್ತು. ಋತುವಿನ ಕೊನೆಯ ಎರಡು ರೇಸ್ ಜಪಾನಿನ ಸುಜುಕಾ ಮತ್ತು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ. ಸುಜುಕಾಕ್ಕೆ ಹೋಗುವಾಗ ಲೆಕ್ಕಕ್ಕೆ ಬರುವ ಪಾಯಿಂಟ್ ಪ್ರಾಸ್ಟನದು 84, ಸೆನ್ನಾನದು 79. ಪಟ್ಟಿ ನೋಡಿದವನು ಪ್ರಾಸ್ಟ್ ಮುಂದಿದ್ದಾನೆ ಎನ್ನುತ್ತಾನೆ. ಆದರೆ ಪ್ರಾಸ್ಟನ ಹನ್ನೊಂದೂ ಮನೆಗಳು ಆಗಲೇ ಗೆಲುವು ಮತ್ತು ಎರಡನೇ ಸ್ಥಾನಗಳಿಂದ ತುಂಬಿಹೋಗಿದ್ದವು. ಇನ್ನು ಎರಡನೆಯವನಾಗಿ ಬಂದರೆ ಅವನಿಗೆ ಸೊನ್ನೆ. ಗೆದ್ದರೂ ಒಂದು 6 ಹೋಗಿ 9 ಬರುತ್ತದೆ, ಲಾಭ ಮೂರೇ ಮೂರು. ಸೆನ್ನಾ ಗೆದ್ದರೆ ಅವನ ಒಂದು 1 ಹೋಗಿ 9 ಬರುತ್ತದೆ, ಲಾಭ 8. ಸುಜುಕಾದಲ್ಲಿ ಸೆನ್ನಾನ ಕಾರು ಹೊರಡುವಾಗಲೇ ನಿಂತುಬಿಟ್ಟಿತು. ಹದಿನಾಲ್ಕನೇ ಸ್ಥಾನಕ್ಕೆ ಕುಸಿದವನು ಒಬ್ಬೊಬ್ಬರನ್ನೇ ದಾಟಿ ಗೆದ್ದ. ಪ್ರಾಸ್ಟ್ ಎರಡನೆಯವನಾಗಿ 84ರಲ್ಲೇ ಉಳಿದ, ಸೆನ್ನಾ 87ಕ್ಕೆ ಏರಿದ. ಅಡಿಲೇಡ್‌ನಲ್ಲಿ ಪ್ರಾಸ್ಟ್ ಗೆದ್ದರೂ ಅವನಿಗೆ ಸಿಗುವುದು 87. ಸಮವಾದರೆ ಹೆಚ್ಚು ಗೆಲುವಿರುವವನೇ ಚಾಂಪಿಯನ್, ಅಲ್ಲಿ ಸೆನ್ನಾನಿಗೆ 8, ಪ್ರಾಸ್ಟನಿಗೆ 7. ಹೀಗಾಗಿ ಒಂದು ರೇಸ್ ಬಾಕಿ ಇರುವಾಗಲೇ ಪ್ರಶಸ್ತಿ ತೀರ್ಮಾನವಾಗಿತ್ತು. ಒಂದು ಪಟ್ಟಿಯ ಒಳಗೆ ಇನ್ನೊಂದು ಪಟ್ಟಿ ಅಡಗಿರುತ್ತದೆ ಎಂಬುದನ್ನು ನಾನು ಕಂಡದ್ದು ಅಲ್ಲಿ.

ಆಗ ನಮ್ಮ ಬೀದಿಯಲ್ಲಿ ಒಂದು ಪೂರ್ತಿ ರೇಸನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಇಂಗ್ಲಿಷ್ ಪತ್ರಿಕೆಯ ಆಟದ ಪುಟದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಮೊದಲ ಆರು ಜನರ ಹೆಸರು ಬರುತ್ತಿತ್ತು. ವಿವರ ಬೇಕೆಂದರೆ ಲೈಬ್ರರಿಗೆ ವಾರಪತ್ರಿಕೆ ಬರುವವರೆಗೆ ಕಾಯಬೇಕು. ಕಾರಿನ ಸದ್ದು ಗೊತ್ತಿಲ್ಲ, ಸರ್ಕಿಟ್ ನೋಡಿಲ್ಲ, ಚಾಲಕರ ಮುಖ ಒಂದೆರಡು ಫೋಟೋಗಳಲ್ಲಿ ಅಷ್ಟೇ. ನಮ್ಮ ಕೈಗೆ ಬರುತ್ತಿದ್ದುದು ಅಂಕಿಗಳು ಮಾತ್ರ. ಹಾಗಾಗಿ ಅಂಕಿಗಳಲ್ಲೇ ರೇಸ್ ನೋಡುವುದನ್ನು ಕಲಿತೆವು. ಅದೊಂದು ಸುವರ್ಣಕಾಲ ಎಂದು ನಾನು ಹೇಳಲಾರೆ. ಇಂದಿನ ಹುಡುಗನಿಗೆ ಫೋನಿನಲ್ಲಿ ಸಿಗುವುದರ ನೂರರಲ್ಲೊಂದು ಪಾಲು ಅಂದು ನನಗೆ ಸಿಕ್ಕಿದ್ದರೆ ಕುಣಿದಾಡುತ್ತಿದ್ದೆ.

ಕೆಲವು ಫಲಿತಾಂಶಗಳನ್ನು ಕೈಬಿಡುವ ಆ ನಿಯಮವನ್ನು ಇಂದಿನವರು ಹುಚ್ಚಾಟ ಎನ್ನುತ್ತಾರೆ. ನಾನು ಹಾಗೆ ಅನ್ನಲಾರೆ. ಅಂದಿನ ಕಾರುಗಳು ಮುರಿಯುತ್ತಿದ್ದವು. ಟರ್ಬೊ ಸುಡುತ್ತಿತ್ತು, ಗೇರ್‌ಬಾಕ್ಸ್ ಕೈಕೊಡುತ್ತಿತ್ತು, ಕೊನೆಯ ಸುತ್ತುಗಳಲ್ಲಿ ಇಂಧನ ಮುಗಿಯುತ್ತಿತ್ತು. ಹೊರಟ ಕಾರುಗಳಲ್ಲಿ ಅರ್ಧದಷ್ಟು ಗುರಿ ಮುಟ್ಟದ ರೇಸ್‌ಗಳು ಎಷ್ಟೋ. ಚಾಲಕನ ತಪ್ಪಿಲ್ಲದೆ ಬರುವ ಸೊನ್ನೆಗಳಿಗೆ ಒಂದಿಷ್ಟು ಮಾಫಿ ಕೊಡುವುದು ಆ ನಿಯಮದ ಗುಣವಾಗಿತ್ತು. ಅದರ ದೋಷವೂ ಅಷ್ಟೇ ದೊಡ್ಡದು. ಎಂದೂ ಕೆಡದೆ, ಎಡವದೆ ಓಡಿಸಿದವನಿಗೆ ಅದು ದಂಡ ಹಾಕುತ್ತಿತ್ತು. 1964ರಲ್ಲಿ ಗ್ರಹಾಂ ಹಿಲ್ 41 ಗಳಿಸಿ, 40 ಗಳಿಸಿದ ಜಾನ್ ಸರ್ಟೀಸ್‌ಗೆ ಪ್ರಶಸ್ತಿ ಬಿಟ್ಟುಕೊಟ್ಟದ್ದು ಇದೇ ಲೆಕ್ಕದಿಂದ. 1991ರಲ್ಲಿ ಎಲ್ಲ ಫಲಿತಾಂಶಗಳೂ ಲೆಕ್ಕಕ್ಕೆ ಬಂದವು, ಗೆಲುವಿನ ಬೆಲೆ 10 ಆಯಿತು. ಸರಿಯಾದ ನಿರ್ಧಾರ. ಕಾರು ಗಟ್ಟಿಯಾಗುತ್ತ ಬಂದ ಹಾಗೆ ಮಾಫಿಯ ಅಗತ್ಯ ತಾನಾಗಿಯೇ ಕಡಿಮೆಯಾಗಿತ್ತು.

ಕೇಬಲ್ ಬಂತು. ಯುರೋಪಿನ ರೇಸ್‌ಗಳು ಭಾನುವಾರ ಸಂಜೆ ಐದೂವರೆಗೆ ನಮ್ಮ ಮನೆಯಲ್ಲೇ ಕಾಣತೊಡಗಿದವು. ಚಿಕ್ಕಪ್ಪ ಟಿವಿ ಮುಂದೆ ಕುಳಿತಾಗಲೂ ತೊಡೆಯ ಮೇಲೆ ಹಾಳೆ ಇರುತ್ತಿತ್ತು. ಅಡ್ಡಕ್ಕೆ ಒಬ್ಬ ಚಾಲಕನ ಸ್ಥಾನಗಳು, ಉದ್ದಕ್ಕೆ ಇನ್ನೊಬ್ಬನವು, ನಡುವಿನ ಮನೆಗಳಲ್ಲಿ ಯಾರು ಚಾಂಪಿಯನ್ ಎಂಬ ಗುರುತು. ಕಟ್ಟಕಡೆಯ ಮನೆಯನ್ನು ಅವರು ಯಾವತ್ತೂ ಬಿಡುತ್ತಿರಲಿಲ್ಲ: ಇಬ್ಬರಿಗೂ ಸೊನ್ನೆ. ಅದೇ ಅತ್ಯಂತ ಅಪಾಯದ ಮನೆ. ಇಬ್ಬರೂ ರೇಸ್ ಮುಗಿಸದಿದ್ದರೆ ಮುಂದಿರುವವನೇ ಚಾಂಪಿಯನ್ ಆಗುತ್ತಾನೆ ಎಂದು ಪಟ್ಟಿ ಹೇಳುವಾಗ, ಮುಂದಿರುವವನ ಮನಸ್ಸಿನಲ್ಲಿ ಏನು ಬರಬಹುದು? 1990ರ ಸುಜುಕಾದಲ್ಲಿ ಸೆನ್ನಾ ಮೊದಲ ತಿರುವಿನಲ್ಲೇ ಪ್ರಾಸ್ಟನಿಗೆ ಗುದ್ದಿ ಪ್ರಶಸ್ತಿ ಪಡೆದ. ಬೇಕೆಂದೇ ಗುದ್ದಿದೆ ಎಂದು ಮರುವರ್ಷ ಅವನೇ ಹೇಳಿದ. 1994ರ ಅಡಿಲೇಡ್‌ಗೆ ಮೈಕೆಲ್ ಶೂಮಾಕರ್ 92, ಡೇಮನ್ ಹಿಲ್ 91 ಪಾಯಿಂಟಿನೊಂದಿಗೆ ಬಂದರು, ಡಿಕ್ಕಿಯಾಯಿತು, ಅದೇ ಅಂಕಿಗಳಲ್ಲಿ ಋತು ಮುಗಿಯಿತು. 1997ರಲ್ಲಿ ಸ್ಪೇನಿನ ಹೆರೆಸ್‌ನಲ್ಲಿ ಒಂದು ಪಾಯಿಂಟ್ ಮುಂದಿದ್ದ ಶೂಮಾಕರ್ ಜಾಕ್ ವಿಲ್‌ನೆವ್‌ನ ಕಾರಿಗೆ ತನ್ನ ಕಾರನ್ನು ತಿರುಗಿಸಿದ. ಆ ಸಲ ಸಿಕ್ಕಿಕೊಂಡವನು ಅವನೇ. ವಿಲ್‌ನೆವ್ ಮೂರನೆಯವನಾಗಿ ಮುಗಿಸಿ 81 ಪಾಯಿಂಟಿಗೆ ಚಾಂಪಿಯನ್ ಆದ, ಶೂಮಾಕರ್‌ನ ಹೆಸರನ್ನು ಆ ವರ್ಷದ ಚಾಂಪಿಯನ್‌ಷಿಪ್ ಪಟ್ಟಿಯಿಂದಲೇ ತೆಗೆದರು. ಭವಿಷ್ಯ ಹೇಳುವವರು ಈ ಮನೆಯನ್ನು ನೈತಿಕತೆಯ ಮಾತೆಂದು ಬದಿಗಿಡುತ್ತಾರೆ. ಅದು ಲೆಕ್ಕದ ಮಾತೂ ಹೌದು.

ಇನ್ನೊಂದು ಪ್ರಶ್ನೆಯನ್ನು ನಾನೇ ಹುಡುಕಿಕೊಂಡೆ. ಯಾವುದೇ ಪಾಯಿಂಟ್ ಪದ್ಧತಿಯನ್ನು ಕಂಡಾಗ ನಾನು ಮೊದಲು ಕೇಳುವುದು, ಗೆಲುವಿಗೆ ಹೋಲಿಸಿದರೆ ಎರಡನೇ ಸ್ಥಾನದ ಬೆಲೆ ಎಷ್ಟು ಎಂದು. 9ಕ್ಕೆ 6 ಇದ್ದಾಗ ಶೇಕಡಾ 67. 10ಕ್ಕೆ 6 ಆದಾಗ ಶೇಕಡಾ 60. 2002ರಲ್ಲಿ ಶೂಮಾಕರ್ 17 ರೇಸ್‌ಗಳಲ್ಲೂ ಮೊದಲ ಮೂವರಲ್ಲಿ ಒಬ್ಬನಾಗಿ, ಇನ್ನೂ ಆರು ರೇಸ್ ಬಾಕಿ ಇರುವಾಗಲೇ ಫ್ರಾನ್ಸಿನ ಮ್ಯಾನಿ ಕೂರ್‌ನಲ್ಲಿ ಜುಲೈ ತಿಂಗಳಲ್ಲೇ ಪ್ರಶಸ್ತಿ ಮುಗಿಸಿಬಿಟ್ಟ. ಮರುವರ್ಷ ನಿಯಮ ಬದಲಾಯಿತು: 10, 8, 6, 5, 4, 3, 2, 1. ಎರಡನೇ ಸ್ಥಾನ ಶೇಕಡಾ 80ಕ್ಕೆ ಏರಿತು.

ಇದರ ಪರಿಣಾಮವನ್ನು ಹೀಗೆ ನೋಡಬಹುದು. ಒಬ್ಬನ ಎಂಜಿನ್ ಒಮ್ಮೆ ಕೆಟ್ಟು, ಆ ರೇಸನ್ನು ಎದುರಾಳಿ ಗೆದ್ದ ಎಂದಿಟ್ಟುಕೊಳ್ಳಿ. ಆಮೇಲೆ ಇವನು ಪ್ರತಿ ರೇಸ್ ಗೆಲ್ಲುತ್ತ, ಎದುರಾಳಿ ಎರಡನೆಯವನಾಗುತ್ತ ಹೋದರೆ ಅಂತರ ತುಂಬಲು ಎಷ್ಟು ರೇಸ್ ಬೇಕು? 9-6ರ ಕಾಲದಲ್ಲಿ ಮೂರು. 10-6ರಲ್ಲಿ ಎರಡೂವರೆ. 10-8ರಲ್ಲಿ ಐದು. ಅಂದರೆ ಬೆನ್ನಟ್ಟುವವನು ಗೆದ್ದೂ ಗೆದ್ದೂ ಸೋಲುವ ಪದ್ಧತಿ ಅದು. 2003ರಲ್ಲಿ ಆರು ರೇಸ್ ಗೆದ್ದ ಶೂಮಾಕರ್ 93 ಪಾಯಿಂಟ್, ಒಂದೇ ಒಂದು ಗೆದ್ದ ಕಿಮಿ ರೈಕ್ಕೊನೆನ್ 91. ಹಳೆಯ ಲೆಕ್ಕದಲ್ಲಿ ಅದು ಇಷ್ಟು ಹತ್ತಿರ ಬರುತ್ತಲೇ ಇರಲಿಲ್ಲ. ಕೊನೆಯ ರೇಸ್‌ನಲ್ಲಿ ರೈಕ್ಕೊನೆನ್ ಗೆದ್ದರೂ ಶೂಮಾಕರ್‌ಗೆ ಸಾಕಾಗುತ್ತಿದ್ದುದು ಒಂದೇ ಪಾಯಿಂಟ್, ಎಂಟನೇ ಸ್ಥಾನ. ಅವನು ಸರಿಯಾಗಿ ಎಂಟನೆಯವನಾಗಿಯೇ ಬಂದ. ರೋಚಕವಾಗಿತ್ತು, ಒಪ್ಪುತ್ತೇನೆ. ಆದರೆ ಆ ರೋಚಕತೆ ಬಂದದ್ದು ಗೆಲುವನ್ನು ಅಗ್ಗ ಮಾಡಿದ್ದರಿಂದ. ನನ್ನ ಮಟ್ಟಿಗೆ ಎಲ್ಲ ಪದ್ಧತಿಗಳಲ್ಲಿ ಕೆಟ್ಟದ್ದು ಅದೇ.

ಹಾಗಿದ್ದೂ ನನ್ನ ಜೀವನದ ಅತ್ಯುತ್ತಮ ಎರಡು ಲೆಕ್ಕಗಳು ಆ ಕೆಟ್ಟ ಪದ್ಧತಿಯ ಕಾಲದವೇ. 2007ರಲ್ಲಿ ಎರಡು ರೇಸ್ ಉಳಿದಿದ್ದಾಗ ಲೂಯಿಸ್ ಹ್ಯಾಮಿಲ್ಟನ್ 107, ರೈಕ್ಕೊನೆನ್ 90. ಉಳಿದಿರುವುದು ಗರಿಷ್ಠ 20, ಅಂತರ 17. ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವರೆಲ್ಲ ಕಥೆ ಮುಗಿಯಿತು ಎಂದರು. ಹಾಸನಕ್ಕೆ ಫೋನ್ ಮಾಡಿದೆ.

“ಮುಗೀತು ಅನ್ನೋದಕ್ಕೆ ಅವನಿಗೆ ಇನ್ನೆಷ್ಟು ಬೇಕು ಹೇಳು?” ಎಂದರು ಚಿಕ್ಕಪ್ಪ.

“ನಾಲ್ಕು, ಚಿಕ್ಕಪ್ಪ. ಎರಡೂ ರೇಸ್ ಸೇರಿ.”

“ನಾಲ್ಕು ಬಂದಿಲ್ವಲ್ಲ ಇನ್ನೂ.”

ರೈಕ್ಕೊನೆನ್ ಎರಡನ್ನೂ ಗೆದ್ದರೆ 110, ಸಮವಾದರೂ ಹೆಚ್ಚು ಗೆಲುವು ಅವನದೇ. ಆದ್ದರಿಂದ ಹ್ಯಾಮಿಲ್ಟನ್‌ಗೆ ಬೇಕಿದ್ದುದು 111, ಅಂದರೆ ಎರಡು ರೇಸ್‌ಗಳಲ್ಲಿ ಒಂದೇ ಒಂದು ಐದನೇ ಸ್ಥಾನ. ಚೀನಾದಲ್ಲಿ ಟೈರ್ ಸವೆದು ಪಿಟ್‌ಗೆ ತಿರುಗುವಲ್ಲಿ ಜಲ್ಲಿಯೊಳಗೆ ಸಿಕ್ಕಿಕೊಂಡ, ಸೊನ್ನೆ. ಬ್ರೆಜಿಲ್‌ನಲ್ಲಿ ಏಳನೆಯವನಾದ, 2 ಪಾಯಿಂಟ್. ರೈಕ್ಕೊನೆನ್ 110, ಹ್ಯಾಮಿಲ್ಟನ್ 109, ಫರ್ನಾಂಡೊ ಅಲೊನ್ಸೊ ಕೂಡ 109.

ಮರುವರ್ಷ ಅದೇ ಬ್ರೆಜಿಲ್, ಮತ್ತೆ ಅದೇ ಐದನೇ ಸ್ಥಾನ. ಹ್ಯಾಮಿಲ್ಟನ್ 94, ಫೆಲಿಪೆ ಮಾಸ್ಸಾ 87. ಮಾಸ್ಸಾ ಗೆದ್ದರೆ 97. ಹ್ಯಾಮಿಲ್ಟನ್ ಆರನೆಯವನಾದರೆ ಅವನದೂ 97, ಆದರೆ ಗೆಲುವುಗಳಲ್ಲಿ ಮಾಸ್ಸಾ ಮುಂದೆ. ನಮ್ಮಲ್ಲಿ ಭಾನುವಾರ ತಡರಾತ್ರಿ. ಕೊನೆಯಲ್ಲಿ ಮಳೆ ಬಂತು, ಹ್ಯಾಮಿಲ್ಟನ್ ಆರಕ್ಕೆ ಜಾರಿದ, ಮಾಸ್ಸಾ ಗುರಿ ದಾಟಿದ, ಅವನ ಫೆರಾರಿ ತಂಡದವರು ಕುಣಿಯತೊಡಗಿದರು. ಒಣ ರಸ್ತೆಯ ಟೈರಿನಲ್ಲೇ ಉಳಿದಿದ್ದ ಟಿಮೊ ಗ್ಲಾಕ್‌ನನ್ನು ಕೊನೆಯ ಸುತ್ತಿನ ಕೊನೆಯ ತಿರುವುಗಳಲ್ಲಿ ಹ್ಯಾಮಿಲ್ಟನ್ ದಾಟಿದ್ದು ಟಿವಿಯಲ್ಲಿ ಎಷ್ಟೋ ಜನರಿಗೆ ಕಾಣಲೇ ಇಲ್ಲ. 98ಕ್ಕೆ 97. ಯಾವ ಹಾಳೆಯಲ್ಲಿ, ಯಾವ ಮನೆಯಲ್ಲಿ ಗ್ಲಾಕ್‌ನ ಹೆಸರು ಬರೆದಿಡಲು ಸಾಧ್ಯ? ಲೆಕ್ಕ ಹೇಳುವುದು ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಮಾತ್ರ. ಆ ಗಡಿಯೊಳಗೆ ಏನಾಗುತ್ತದೆ ಎಂಬುದು ಮಳೆ, ಟೈರ್ ಮತ್ತು ಇಪ್ಪತ್ತು ಮಂದಿಯ ಕೈಯಲ್ಲಿರುತ್ತದೆ.

2010ರಲ್ಲಿ ಇಂದಿನ ಪದ್ಧತಿ ಬಂತು: 25, 18, 15, 12, 10, 8, 6, 4, 2, 1. ಅಂಕಿಗಳು ಉಬ್ಬಿದವು ಎಂದು ಹಳಬರು ಗೊಣಗಿದರು. ಉಬ್ಬಿದ್ದು ನಿಜ, ಆದರೆ ಎರಡನೇ ಸ್ಥಾನದ ಬೆಲೆ ಶೇಕಡಾ 72ಕ್ಕೆ ಇಳಿಯಿತು. ಅದು ಮುಖ್ಯ. ಮೊದಲ ವರ್ಷವೇ ಕೊನೆಯ ರೇಸ್‌ಗೆ ನಾಲ್ವರು ಕಣದಲ್ಲಿದ್ದರು: ಅಲೊನ್ಸೊ 246, ಮಾರ್ಕ್ ವೆಬ್ಬರ್ 238, ಸೆಬಾಸ್ಟಿಯನ್ ವೆಟ್ಟೆಲ್ 231, ಹ್ಯಾಮಿಲ್ಟನ್ 222. ವೆಟ್ಟೆಲ್ ಗೆದ್ದರೂ ಅಲೊನ್ಸೊಗೆ ನಾಲ್ಕನೇ ಸ್ಥಾನ ಸಾಕಿತ್ತು. ವಿಟಾಲಿ ಪೆಟ್ರೋವ್‌ನ ಹಿಂದೆ ಸಿಕ್ಕಿ ಅವನು ಏಳನೆಯವನಾದ. ಇಡೀ ಋತುವಿನಲ್ಲಿ ಒಮ್ಮೆಯೂ ಪಟ್ಟಿಯ ತುದಿಯಲ್ಲಿರದ ವೆಟ್ಟೆಲ್ ಕೊನೆಯ ದಿನ ತುದಿಗೇರಿ ಚಾಂಪಿಯನ್ ಆದ.

ಮೂರು ವರ್ಷಗಳ ಬಳಿಕ ಅದೇ ವೆಟ್ಟೆಲ್ ತನ್ನ ನಾಲ್ಕನೇ ಪ್ರಶಸ್ತಿಯನ್ನು ಭಾರತದ ನೆಲದ ಮೇಲೆ ಗೆದ್ದ. 2013ರ ಅಕ್ಟೋಬರ್ 27, ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್. ಬೆಂಗಳೂರಿನಿಂದ ಹೋಗಿ ಆ ಬಿಸಿಲಲ್ಲಿ ಕುಳಿತವರಲ್ಲಿ ನಾನೂ ಒಬ್ಬ. ವೆಟ್ಟೆಲ್ 297, ಅಲೊನ್ಸೊ 207. ಅಲೊನ್ಸೊ ಗೆದ್ದರೂ ವೆಟ್ಟೆಲ್‌ಗೆ ಐದನೇ ಸ್ಥಾನ ಸಾಕು: ಅಂತರ 75, ಉಳಿಯುವ ಮೂರು ರೇಸ್‌ಗಳ ಗರಿಷ್ಠವೂ 75, ಗೆಲುವುಗಳಲ್ಲಿ ವೆಟ್ಟೆಲ್ ಬಹಳ ಮುಂದೆ. ಅವನು ಐದಕ್ಕೆ ಕಾಯಲಿಲ್ಲ, ಗೆದ್ದೇಬಿಟ್ಟ. ಕಾರನ್ನು ನಡುರಸ್ತೆಯಲ್ಲಿ ಗಿರಗಿರನೆ ತಿರುಗಿಸಿ, ಇಳಿದು ಬಂದು ಅದಕ್ಕೆ ಮಂಡಿಯೂರಿದ. ಆ ರೇಸ್ ಮತ್ತೆ ಭಾರತಕ್ಕೆ ಬರಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಿಯಮ ಮಾಡುವವರ ಕೈ ಸುಮ್ಮನಿರಲಿಲ್ಲ. 2014ರಲ್ಲಿ ಕೊನೆಯ ರೇಸ್‌ಗೆ ಮಾತ್ರ ದುಪ್ಪಟ್ಟು ಪಾಯಿಂಟ್ ಇಟ್ಟರು. ಹನ್ನೆರಡು ತಿಂಗಳ ದುಡಿಮೆಯನ್ನು ಒಂದು ಸಂಜೆಗೆ ಅಡ ಇಡುವ ಕೆಲಸ ಅದು. ಆ ವರ್ಷ ಅದರಿಂದ ಅನ್ಯಾಯವಾಗಲಿಲ್ಲ, ಮರುವರ್ಷ ಕೈಬಿಟ್ಟರು. 2021ರಲ್ಲಿ ಸ್ಪಾ ಸರ್ಕಿಟ್‌ನಲ್ಲಿ ಮಳೆಯಿಂದಾಗಿ ಕಾರುಗಳು ಸೇಫ್ಟಿ ಕಾರಿನ ಹಿಂದೆ ಕೆಲವು ಸುತ್ತು ಹೋದವಷ್ಟೇ, ನಿಜವಾದ ರೇಸ್ ಒಂದು ಸುತ್ತೂ ನಡೆಯಲಿಲ್ಲ. ಆದರೂ ಅರ್ಧ ಪಾಯಿಂಟ್ ಹಂಚಿದರು. ಮ್ಯಾಕ್ಸ್ ವೆರ್ಸ್ಟಪ್ಪನ್‌ಗೆ 12.5, ಹ್ಯಾಮಿಲ್ಟನ್‌ಗೆ 7.5. ಆ ವರ್ಷ ಕೊನೆಯ ರೇಸ್‌ಗೆ ಇಬ್ಬರೂ 369.5ರಲ್ಲಿ ಸಮನಾಗಿ ಬಂದರು ಎಂದು ಜಗತ್ತು ಬೆರಗಾಯಿತು. ಸ್ಪಾದ ಆ ಪಾಯಿಂಟ್‌ಗಳನ್ನು ತೆಗೆದರೆ ಹ್ಯಾಮಿಲ್ಟನ್ 5 ಪಾಯಿಂಟ್ ಮುಂದಿರುತ್ತಿದ್ದ. 1984ರಲ್ಲೂ ಮೊನಾಕೊದ ಮಳೆಯಲ್ಲಿ ಅರ್ಧಕ್ಕೇ ನಿಲ್ಲಿಸಿದ ರೇಸ್ ಗೆದ್ದು ಪ್ರಾಸ್ಟ್ 4.5 ಪಡೆದಿದ್ದ. ಅದು ಪೂರ್ತಿ ನಡೆದು ಅವನು ಎರಡನೆಯವನಾಗಿದ್ದರೂ 6 ಸಿಗುತ್ತಿತ್ತು. ವರ್ಷದ ಕೊನೆಗೆ ಅವನು ನಿಕಿ ಲೌಡಾನಿಗೆ ಸೋತದ್ದು ಅರ್ಧ ಪಾಯಿಂಟಿನಿಂದ. 2022ರ ಸುಜುಕಾದಲ್ಲಂತೂ ರೇಸ್ ಮೊಟಕಾದಾಗ ಪೂರ್ತಿ ಪಾಯಿಂಟೋ ಕಡಿಮೆಯೋ ಎಂಬುದು ಗೆದ್ದ ವೆರ್ಸ್ಟಪ್ಪನ್‌ಗೇ ಗೊತ್ತಿರಲಿಲ್ಲ. ತಾನು ಚಾಂಪಿಯನ್ ಎಂಬುದನ್ನು ಅವನಿಗೆ ಬೇರೆಯವರು ಹೇಳಬೇಕಾಯಿತು.

ಈಗ ಶನಿವಾರದ ಸ್ಪ್ರಿಂಟ್ ರೇಸ್‌ಗೂ ಗೆದ್ದವನಿಗೆ 8 ಪಾಯಿಂಟ್. 2023ರಲ್ಲಿ ಕತಾರ್‌ನ ಸ್ಪ್ರಿಂಟ್‌ನಲ್ಲೇ ವಿಶ್ವ ಪ್ರಶಸ್ತಿ ತೀರ್ಮಾನವಾಯಿತು. ಆ ವರ್ಷ ವೆರ್ಸ್ಟಪ್ಪನ್ 22 ರೇಸ್‌ಗಳನ್ನೂ ಮುಗಿಸಿದ, ಅತಿ ಕೆಟ್ಟ ಫಲಿತಾಂಶವೆಂದರೆ ಐದನೇ ಸ್ಥಾನ, ಸಿಗಬಹುದಾದ 620ರಲ್ಲಿ 575 ಗಳಿಸಿದ. ಅಂದಿಗೂ ಇಂದಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಅಂದು ಭವಿಷ್ಯ ಹೇಳುವಾಗ ‘ಕಾರು ಕೆಟ್ಟರೆ’ ಎಂಬ ಮಾತು ಪ್ರತಿ ರೇಸ್‌ಗೂ ಇರುತ್ತಿತ್ತು. ಇಂದು ಕೆಡುವುದು ಅಪರೂಪ. ಅಪರೂಪವಾದ್ದರಿಂದಲೇ ಒಮ್ಮೆ ಕೆಟ್ಟರೆ ಅದರ ಹೊಡೆತ ಜೋರು. 2016ರಲ್ಲಿ ಮಲೇಷ್ಯಾದಲ್ಲಿ ಮುಂದಿದ್ದ ಹ್ಯಾಮಿಲ್ಟನ್‌ನ ಎಂಜಿನ್ ಸುಟ್ಟಿತು. 10 ರೇಸ್ ಗೆದ್ದ ಅವನು, 9 ಗೆದ್ದ ನಿಕೊ ರೋಸ್ಬರ್ಗ್‌ಗೆ ಐದು ಪಾಯಿಂಟಿನಿಂದ ಪ್ರಶಸ್ತಿ ಕಳೆದುಕೊಂಡ.

ಇನ್ನೊಂದು ವ್ಯತ್ಯಾಸ, ಲೆಕ್ಕವನ್ನು ಈಗ ಯಂತ್ರ ಮಾಡುತ್ತದೆ. ಉಳಿದ ರೇಸ್‌ಗಳನ್ನು ಕಂಪ್ಯೂಟರ್ ತನ್ನೊಳಗೇ ಸಾವಿರಾರು ಸಲ ಓಡಿಸಿ, ಇವನಿಗೆ ಶೇಕಡಾ ಇಷ್ಟು, ಅವನಿಗೆ ಇಷ್ಟು ಎಂದು ಕೊಡುತ್ತದೆ. ನನಗೆ ಅದರ ಮೇಲೆ ದೂರಿಲ್ಲ. ನಮ್ಮ ಹಾಳೆಗಿಂತ ಅದು ಎಷ್ಟೋ ಪಾಲು ಸೂಕ್ಷ್ಮ. ಆದರೆ ಶೇಕಡಾ 2 ಎಂಬುದನ್ನು ಜನ ಸೊನ್ನೆ ಎಂದು ಓದುತ್ತಾರೆ, ಶೇಕಡಾ 80 ಎಂಬುದನ್ನು ನೂರು ಎಂದು ಓದುತ್ತಾರೆ. ಯಾವ ಫಲಿತಾಂಶ ಬಂದರೆ ಯಾರು ಉಳಿಯುತ್ತಾರೆ ಎಂಬುದು ಆ ಒಂದು ಅಂಕಿಯೊಳಗೆ ಮರೆಯಾಗಿಬಿಡುತ್ತದೆ.

2025ರ ಆಗಸ್ಟ್ ಕೊನೆಯಲ್ಲಿ ಡಚ್ ರೇಸ್ ಮುಗಿದಾಗ ಆಸ್ಕರ್ ಪಿಯಾಸ್ಟ್ರಿ 309, ಲ್ಯಾಂಡೊ ನಾರಿಸ್ 275, ವೆರ್ಸ್ಟಪ್ಪನ್ 205. ನಾರಿಸ್‌ನ ಕಾರು ಅಂದು ಎಣ್ಣೆ ಸೋರಿ ನಿಂತಿತ್ತು. ಪ್ರಶಸ್ತಿ ಪಿಯಾಸ್ಟ್ರಿಯದು ಎಂದೇ ಹೆಚ್ಚಿನವರು ಬರೆದರು. ಚಿಕ್ಕಪ್ಪನಿಗೆ ಈಗ ಎಂಬತ್ತು ದಾಟಿದೆ, ರೇಸ್ ನೋಡುವಷ್ಟು ಹೊತ್ತು ಕೂರಲು ಬೆನ್ನು ಬಿಡುವುದಿಲ್ಲ. ಫೋನಿನಲ್ಲಿ ಅವರು ಕೇಳಿದ್ದು ಒಂದೇ: “ಒಂಬತ್ತು ರೇಸ್ ಸರಿ. ಸ್ಪ್ರಿಂಟ್ ಎಷ್ಟಿವೆ?” ಮೂರು ಎಂದೆ. “ಹಾಗಾದ್ರೆ ಇನ್ನೂರ ನಲವತ್ತೊಂಬತ್ತು ಬಾಕಿ ಇದೆ,” ಎಂದು ಇಟ್ಟರು. ಆ 249ರೊಳಗೆ ವೆರ್ಸ್ಟಪ್ಪನ್ ತನ್ನ 104ರ ಅಂತರವನ್ನು ತಿನ್ನುತ್ತ ಬಂದ. ಲಾಸ್ ವೇಗಸ್‌ನಲ್ಲಿ ಕಾರಿನ ತಳದ ಹಲಗೆ ಮಿತಿಗಿಂತ ಹೆಚ್ಚು ಸವೆದಿತ್ತೆಂದು ನಾರಿಸ್, ಪಿಯಾಸ್ಟ್ರಿ ಇಬ್ಬರ ಮೆಕ್‌ಲಾರೆನ್‌ಗಳೂ ಅನರ್ಹವಾದವು. ಎರಡನೆಯವನಾಗಿ ಬಂದಿದ್ದ ನಾರಿಸ್‌ನ 18 ಪಾಯಿಂಟ್ ಹೋಯಿತು. ಅಬುಧಾಬಿಯಲ್ಲಿ ಕೊನೆಯ ರೇಸ್‌ಗೆ ನಾರಿಸ್ 408, ವೆರ್ಸ್ಟಪ್ಪನ್ 396, ಪಿಯಾಸ್ಟ್ರಿ 392. ವೆರ್ಸ್ಟಪ್ಪನ್ ಗೆದ್ದ, ಪಿಯಾಸ್ಟ್ರಿ ಎರಡನೆಯವ, ನಾರಿಸ್ ಮೂರನೆಯವ. ಕೊನೆಗೆ ನಾರಿಸ್ 423, ವೆರ್ಸ್ಟಪ್ಪನ್ 421, ಪಿಯಾಸ್ಟ್ರಿ 410.

25-18ರ ಪದ್ಧತಿಯನ್ನು ಹಾಗೇ ಉಳಿಸಿಕೊಳ್ಳಬೇಕು, ಸ್ಪ್ರಿಂಟ್‌ನ ಪಾಯಿಂಟ್‌ಗಳನ್ನು ವಿಶ್ವ ಪ್ರಶಸ್ತಿಯಿಂದ ಹೊರಗಿಡಬೇಕು ಎಂಬುದು ನನ್ನ ತೀರ್ಮಾನ. ಮುಂದಿನ ಋತುವಿನ ಕೊನೆಯಲ್ಲಿ ಯಾರೋ ಶೇಕಡಾ ಲೆಕ್ಕ ಹಿಡಿದು ನಿಮ್ಮ ಮುಂದೆ ಬಂದಾಗ, ಅದನ್ನು ಓದುವ ಮೊದಲು ಒಂದು ಹಾಳೆಯಲ್ಲಿ ಮೂರು ಸಂಗತಿ ಬರೆದುಕೊಳ್ಳಿ: ಇನ್ನು ಗರಿಷ್ಠ ಎಷ್ಟು ಪಾಯಿಂಟ್ ಉಳಿದಿದೆ, ಅಂತರ ಎಷ್ಟಿದೆ, ಸಮವಾದರೆ ಯಾರ ಗೆಲುವು ಹೆಚ್ಚು.